ಹಾಡುಗಾರ ಗೆದ್ದ ಜಗಳ

ಶಿಷ್ಯ ಪಂಪಣ್ಣ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ಮಠದಲ್ಲಿ ನನ್ನ ಜೊತೆಯವರ ಪರವಾಗಿ ನಾನು ಎಲ್ಲರ ಹತ್ತಿರವೂ ಜಗಳವಾಡುತ್ತೇನೆ. ಆದರೂ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಯಾರೂ ಬಂದು ಕೂರುವುದಿಲ್ಲ. ಯಾಕೆ?"

ಗುರುಗಳು ನಕ್ಕರು. "ಜಗಳದಲ್ಲಿ ನೀನು ಗಟ್ಟಿಗ, ಅದು ನನಗೂ ಗೊತ್ತು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು. ಒಬ್ಬ ಹಾಡುಗಾರ, ಒಬ್ಬ ಡ್ರಮ್ಸ್‌ನವನು, ಗಿಟಾರಿನವರು ಇಬ್ಬರು. ಅವರಲ್ಲಿ ಒಂದು ಪದ್ಧತಿ. ಹೊಸ ಹಾಡು ಯಾರಿಗಾದರೂ ಒಪ್ಪಿಗೆಯಾಗದಿದ್ದರೆ ಅವನು ವಾದ್ಯ ಕೆಳಗಿಡುತ್ತಿದ್ದ. ಅವನು ಮತ್ತೆ ಎತ್ತಿಕೊಳ್ಳುವವರೆಗೆ ಆ ಹಾಡು ಮುಂದಕ್ಕೆ ಹೋಗುತ್ತಿರಲಿಲ್ಲ. ಹೀಗೆ ಒಬ್ಬರನ್ನೊಬ್ಬರು ಬೈದುಕೊಂಡು, ನಕ್ಕುಕೊಂಡು ಮೊದಲ ಆಲ್ಬಮ್ ಮಾಡಿದರು. ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು.

ಎರಡನೆಯದರ ಹೊತ್ತಿಗೆ, ಆಲ್ಬಮ್ ಹೊರತರುವ ಕಂಪನಿಯ ಯಜಮಾನ ಅಡ್ಡ ಬಂದ. ಮೊದಲಿನ ಹಾಗೆಯೇ ಇನ್ನೊಂದು ಮಾಡಿಕೊಡಿ, ಜನ ಕೇಳುವುದು ಅದನ್ನೇ ಎಂದ. ಹಾಡುಗಾರನಿಗೆ ಮೈಯೆಲ್ಲ ಉರಿಯಿತು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಆಗು ಅನ್ನುತ್ತಾನಲ್ಲ ಇವನು, ಪ್ರಾಣ ಹೋದರೂ ನನ್ನವರನ್ನು ಇವನ ಕೈಗೆ ಕೊಡುವುದಿಲ್ಲ ಅಂದುಕೊಂಡ.

ಅಂದಿನಿಂದ ಅವನಿಗೆ ಹಾಡಿಗಿಂತ ಜಗಳವೇ ದೊಡ್ಡದಾಯಿತು. ಬೆಳಗ್ಗೆ ಯಜಮಾನನ ಕಚೇರಿಯಲ್ಲಿ ಕೂಗಾಡಿ ಬರುವನು, ಸಂಜೆ ಅದೇ ಬಿಸಿಯಲ್ಲಿ ಹಾಡು ಬರೆದು ತರುವನು. ಒಂದು ಸಂಜೆ ಡ್ರಮ್ಸ್‌ನವನು ಕೋಲು ಕೆಳಗಿಟ್ಟ.

"ಎತ್ತಿಕೊಳ್ಳೋ ಮಾರಾಯ," ಎಂದ ಹಾಡುಗಾರ. "ನಾವು ನಾವೇ ಕಿತ್ತಾಡಿದರೆ ಅವನೆದುರು ನಿಲ್ಲೋದು ಹೇಗೆ?"

ಅವನು ಎತ್ತಿಕೊಂಡ. ಆಮೇಲೆ ಯಾರೂ ಏನನ್ನೂ ಕೆಳಗಿಡಲಿಲ್ಲ. ಈಗ ನಾಲ್ವರೂ ಒಂದೇ ಮನಸ್ಸು ಎಂದು ಹಾಡುಗಾರ ಹಿಗ್ಗಿದ.

ಕೊನೆಗೆ ಯಜಮಾನ ಸೋತ. ಒಪ್ಪುವ ಮೊದಲು ಉಳಿದ ಮೂವರ ಕಡೆ ತಿರುಗಿ, "ನಿಮಗೇನು ಬೇಕ್ರಪ್ಪಾ? ನಿಮಗೂ ಇದೇನಾ?" ಎಂದು ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ಹಾಡುಗಾರ, "ನಮಗೆಲ್ಲ ಇದೇ ಬೇಕು," ಎಂದುಬಿಟ್ಟ.

ಆಲ್ಬಮ್ ಅವನು ಅಂದುಕೊಂಡಂತೆಯೇ ಬಂತು. ಅದು ಕೈಗೆ ಸಿಕ್ಕ ದಿನ ಅವನು ಅಭ್ಯಾಸದ ಕೋಣೆಗೆ ಓಡಿದ. ನಾಲ್ವರಿಗಾಗುವಷ್ಟು ಮಂಡಕ್ಕಿ ಕಲಸಿಟ್ಟು ಕಾದ. ಯಾರೂ ಬರಲಿಲ್ಲ. ಡ್ರಮ್ಸ್ ಇದ್ದ ಜಾಗದಲ್ಲಿ ಧೂಳಿನ ಗುರುತು ಮಾತ್ರ ಇತ್ತು. ಫೋನ್ ಮಾಡಿದರೆ, ನಿನ್ನ ಆಲ್ಬಮ್ ಚೆನ್ನಾಗಿ ಬಂದಿದೆ ಎಂದ ಡ್ರಮ್ಸ್‌ನವನು. ನಮ್ಮದು ಅನ್ನಲಿಲ್ಲ. ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಹಾಡುಗಾರ ಜಗಳವಾಡಿ ಸರಿಮಾಡಿಕೊಳ್ಳುತ್ತಿದ್ದ. ಸಿಟ್ಟೂ ಇರಲಿಲ್ಲ. ಮಂಡಕ್ಕಿ ಮೆತ್ತಗಾಯಿತು. ತನಗೆ ಯಾರೂ ಇಲ್ಲ ಅನ್ನಿಸಿ ಅವನು ಒಬ್ಬನೇ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಪಂಪಣ್ಣನಿಗೆ ತಡೆಯಲಾಗಲಿಲ್ಲ. "ಆ ಯಜಮಾನ ಬಲು ಕೆಟ್ಟವನು, ಗುರುಗಳೇ. ಚೆನ್ನಾಗಿದ್ದ ಸ್ನೇಹಿತರನ್ನು ಬೇರೆ ಮಾಡಿಬಿಟ್ಟ," ಎಂದ.

"ಕೆಟ್ಟವನೇ ಇರಬಹುದು, ಪಂಪಣ್ಣ, ಆದರೆ ನಿಮಗೇನು ಬೇಕು ಎಂದು ಆ ಮೂವರನ್ನು ಕೇಳಿದವನು ಅವನೊಬ್ಬನೇ," ಎಂದರು ಗುರುಗಳು.