ಠಣ್ ಅಂದರೆ ಗಂಡು, ಟಿಣ್ ಅಂದರೆ ಹೆಣ್ಣು

ಒಂದಾನೊಂದು ಊರಿನಲ್ಲಿ, ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲದ ಊರಿನಲ್ಲಿ, ಅಂಜುಮಲ್ಲ ಅಂತ ಒಬ್ಬ ರಾಜ. ಅವನಿಗೆ ಮೊಣಕಾಲು ಮುಟ್ಟುವ ಮೀಸೆ. ಒಂದು ದಿನ ಅರಮನೆಯ ಹಲ್ಲಿ ಲೊಚಗುಟ್ಟಿ ನುಡಿಯಿತು: “ರಾಜಾ, ಗಂಡಸಿನ ವೇಷದ ಹೆಂಗಸೊಬ್ಬಳು ಕೋಟೆಗೆ ಬಂದು ನಿನ್ನ ಮೀಸೆ ಒಯ್ಯುತ್ತಾಳೆ.”

ರಾಜ ನಡುಗಿದ. ಸಿಂಹಾಸನ ನಡುಗಿತು. ನಮ್ಮನೆಯ ಮೊಸರು ಕಡೆಯದೆಯೇ ಬೆಣ್ಣೆಯಾಯಿತು.

ಕೋಟೆಬಾಗಿಲಲ್ಲಿ ಒಂದು ಸೊಳ್ಳೆಯನ್ನು ಕೂರಿಸಿದರು. ಅದು ಬಂದವರ ರಕ್ತ ಒಂದು ಹನಿ ಹೀರಿ, ಕಣ್ಣು ಮುಚ್ಚಿ ಆಲಿಸುತ್ತಿತ್ತು. ರಕ್ತದಲ್ಲಿ ಪ್ರೋಟೀನುಗಳೆಂಬ ಹಮಾಲರಿದ್ದಾರಲ್ಲ, ಗಂಡಸರಲ್ಲಿ ಕಬ್ಬಿಣ ಹೊರುವವರು ಹೆಚ್ಚು, ಹೆಂಗಸರಲ್ಲಿ ತಾಮ್ರ ಹೊರುವವರು ಹೆಚ್ಚು. ಕಬ್ಬಿಣ ‘ಠಣ್’ ಅಂದರೆ ಗಂಡು. ತಾಮ್ರ ‘ಟಿಣ್’ ಅಂದರೆ ಹೆಣ್ಣು. ಸದ್ದಿಗೂ ವೇಷಕ್ಕೂ ಹೊಂದದಿದ್ದರೆ ತಲೆ ಗೂಟಕ್ಕೆ. ಗೂಟದ ಮೇಲಿನ ತಲೆಗಳು ಬಂದವರನ್ನೆಲ್ಲ ಕೇಳುತ್ತಿದ್ದವು: “ಖಾಲಿ ಗೂಟ ಒಂದೇ ಇದೆ. ನೀನಾ? ನೀನಾ?”

ಅಂಥ ಕೋಟೆಯೊಳಗೆ ನನ್ನ ಹೆಂಡತಿ, ನಿಮ್ಮ ಸಂಕವ್ವತ್ತೆಯ ತವರುಮನೆ. ಹೋಳಿಗೆ ಊಟಕ್ಕೆ ಕರೆದಿದ್ದರು. ಇಬ್ಬರೂ ಹೋದೆವು.

ಸೊಳ್ಳೆ ನನ್ನ ಕಿವಿ ಕಚ್ಚಿತು. ಆಲಿಸಿತು.

“ಟಿಣ್!”

“ಸಿಕ್ಕಳು ಮೀಸೆಗಳ್ಳಿ!” ತಳವಾರ ಕತ್ತಿ ಹಿರಿದ. ನಾನೇನೂ ಹೆದರಲಿಲ್ಲ. ಕಾಲುಗಳು ಮಾತ್ರ ನನ್ನನ್ನು ಬಿಟ್ಟು ಓಡಿ, ಮರದ ಹಿಂದೆ ನಿಂತು ಅತ್ತವು.

“ದಿನಾ ಬೆಳಿಗ್ಗೆ ತಾಮ್ರದ ಚೊಂಬಿನ ನೀರು ಬೇಡ ಅಂದ್ರೆ ಕೇಳಿದ್ರಾ?” ಅಂತ ಸಂಕವ್ವ ನನ್ನ ಕಿವಿಯಲ್ಲಿ ಗದರಿದಳು. ಆಮೇಲೆ, “ಸೊಳ್ಳಮ್ಮಾ, ನನ್ನನ್ನೂ ಕಚ್ಚವ್ವ.”

“ಠಣ್!” ಹುಟ್ಟಿದಾಗಿನಿಂದ ಕಬ್ಬಿಣದ ಹೆಂಚಿನ ರೊಟ್ಟಿ ತಿಂದವಳಲ್ಲವೇ!

“ನೋಡಿ ತಳವಾರ್ರೇ, ಗಂಡ ನಾನು. ಇವಳು ನನ್ನ ಹೆಂಡತಿ. ಬೆಳಿಗ್ಗೆ ಅವಸರದಲ್ಲಿ ಬಟ್ಟೆ ಅದಲುಬದಲಾಯ್ತು, ಅಷ್ಟೇ,” ಅಂದಳು ಸಂಕವ್ವ.

ನನ್ನ ಕಾಲುಗಳನ್ನು ಎಳೆತಂದು ಜೋಡಿಸಿದಳು. ನನ್ನ ಪಂಚೆ, ರುಮಾಲು ಅವಳಿಗೆ. ಅವಳ ಸೀರೆ ನನಗೆ. ಸದ್ದಿಗೂ ವೇಷಕ್ಕೂ ಹೊಂದಿತು.

“ಬನ್ನಿ ಯಜಮಾನ್ರೇ,” ಸೊಳ್ಳೆ ಅವಳಿಗೆ ಕೈಮುಗಿಯಿತು. ನನಗೆ, “ಸೆರಗು ಸರಿ ಮಾಡ್ಕೋ ತಂಗಿ.”

ಒಳಗೆ ರಾಜ ಎದುರಾದ. ಅವನ ಮೀಸೆ ಪಂಚೆಯುಟ್ಟ ಸಂಕವ್ವನನ್ನು ಕಂಡಿತು. “ಬಂದ್ಯಾ ತಾಯಿ? ಈ ಅಂಜುಬುರುಕನ ಮೂಗಿನ ಕೆಳಗೆ ನಡುಗಿ ನಡುಗಿ ಸಾಕಾಗಿತ್ತು!” ಅಂದು ಹಾರಿ ಅವಳ ಹೆಗಲೇರಿತು.

ಮನೆಗೆ ಬಂದವಳೇ, “ನನಗ್ಯಾಕ್ರೀ ಇದು?” ಅಂತ ನನ್ನ ಮೂಗಿನ ಕೆಳಗೆ ಅಂಟಿಸಿದಳು. ಇದೇ ನೋಡಿ ಆ ಮೀಸೆ. ಇದು ನಡುಗುತ್ತಿರುವುದು ಹಳೇ ಅಭ್ಯಾಸದಿಂದ, ನನ್ನಿಂದಲ್ಲ.

ನೀತಿ: ತಾಮ್ರದ ಚೊಂಬು ಎತ್ತುವ ಮೊದಲು ಹೆಂಚಿನ ರೊಟ್ಟಿ ತಿನ್ನಿ. ಆ ಸೊಳ್ಳೆ ಖಾಲಿ ಗೂಟ ಹೊತ್ತುಕೊಂಡು ಇನ್ನೂ ಮೀಸೆ ಹುಡುಕುತ್ತಿದೆಯಂತೆ. ಕತೆ ಅತ್ತ ಹೋಯಿತು, ನಾವು ಇತ್ತ...

ಶ್! ಯಾರ ಕಿವಿಯ ಹತ್ತಿರ ಅದು, ಗುಂಯ್ ಅಂದಿದ್ದು?