ಪಂಕ್ತಿಯ ಮೊದಲ ಎಲೆ

ಸಂತರ್ಪಣೆಯ ದಿನ ಸಾಲಿನ ಮೊದಲ ಬಾಳೆಲೆಗೆ ಬಿಸಿ ಅನ್ನ ಬಿತ್ತು. ಎಲೆ ಬೀಗಿತು. ಆದರೆ ಅದರ ಮುಂದೆ ಕೂತವರು ಕೈ ಹಾಕಲೇ ಇಲ್ಲ, ಅನ್ನ ಆರತೊಡಗಿತು.

"ಸೌಟಣ್ಣಾ, ಮೊದಲು ಬಡಿಸಿಕೊಂಡ ನಾನೇಕೆ ಕಾಯಬೇಕು?" ಎಂದು ಎಲೆ ಸಿಡುಕಿತು.

"ಜನರನ್ನು ಏನೆಂದು ಕರೆದು ಕೂರಿಸಿದರು?"

"ಪಂಕ್ತಿಗೆ ಬನ್ನಿ ಎಂದರು."

"ಪಂಕ್ತಿ ಎಂದರೆ ಸಾಲು. ಹಿರಿಯರು ಈ ಊಟಕ್ಕೆ ಅನ್ನದ ಹೆಸರಿಡಲಿಲ್ಲ, ಸಾಲಿನ ಹೆಸರಿಟ್ಟರು. ಯಾಕೆಂದು ನೋಡುತ್ತಿರು" ಎಂದು ಸೌಟು ಮುಂದೆ ಹೋಯಿತು.

ಸಾಲಿನ ಕೊನೆಯ ಎಲೆಯ ಮುಂದೆ, ದಾರಿ ನಡೆದು ದಣಿದ ಮುದುಕಿಯೊಬ್ಬಳು ಆಗತಾನೇ ಬಂದು ಕೂತಿದ್ದಳು. ಅವಳಿಗೆ ಬಡಿಸಹೋದರೆ ಕೊಪ್ಪರಿಗೆ ಖಾಲಿ! ಸೌಟು ಮೊದಲ ಎಲೆಯ ಬಳಿಗೇ ಮರಳಿತು.

"ಯಾರೂ ಮುಟ್ಟಿಲ್ಲ, ಅನ್ನ ಇನ್ನೂ ಎಂಜಲಾಗಿಲ್ಲ. ಒಂದು ತುತ್ತು ಕೊಡುತ್ತೀಯಾ?"

ಎಲೆ ನಾಚಿಕೊಂಡು ಕೊಟ್ಟಿತು. ಸೌಟು ಎಲೆಯಿಂದ ಎಲೆಗೆ ಒಂದೊಂದೇ ತುತ್ತು ಕೇಳುತ್ತಾ ಹೋಯಿತು.

ಮೊದಲ ಎಲೆ ತನ್ನನ್ನು ನೋಡಿಕೊಂಡಿತು. ಅನ್ನ ಕಡಿಮೆಯಾದಂತೆ ಕಾಣಲೇ ಇಲ್ಲ. ಅತ್ತ ತುದಿಯಲ್ಲಿ ಮಾತ್ರ ಅನ್ನ ಗುಡ್ಡದಂತೆ ಏರಿತ್ತು. ಮುದುಕಿ ಕೈಯಿಟ್ಟಳು. ಒಡನೆ ಸಾಲಿನ ನೂರು ಕೈಗಳೂ ಒಟ್ಟಿಗೇ ಇಳಿದವು. ಸೌಟು ಹೇಳಿದ ಸಾಲು ಯಾವುದೆಂದು ಮೊದಲ ಎಲೆ ಆಗ ಕಂಡಿತು.