ನಡುಹೊಳೆಯಲ್ಲಿ ಬಿಟ್ಟುಹೋದವರು

ಹೊಳೆಯ ದಂಡೆಯ ಮೇಲೊಂದು ವಿಶ್ವವಿದ್ಯಾಲಯ. ಅಲ್ಲಿ ನೀಲಗಂಗಾ ಎಂಬ ಹುಡುಗಿ ಎರಡು ವಿದ್ಯೆ ಕಲಿಯುತ್ತಿದ್ದಳು. ಮುಂಜಾನೆ ಅಂಬುಜಾಕ್ಷಿ ಮೇಡಂ ಹತ್ತಿರ ವ್ಯಾಪಾರ, ಮಧ್ಯಾಹ್ನ ಕೊಟ್ರಯ್ಯ ಮಾಸ್ತರರ ಹತ್ತಿರ ವಿಡಿಯೋ ಗೇಮ್ ಕಟ್ಟುವುದು.

ಮಾಸ್ತರರಿಗೆ ಕಂಪ್ಯೂಟರ್ ಕೋಣೆಯ ಗಾಳಿ ಆಗಿಬರುತ್ತಿರಲಿಲ್ಲ. ಪಾಠವೆಲ್ಲ ಹೊಳೆಯ ಮೆಟ್ಟಿಲ ಮೇಲೆ ನಡೆಯುತ್ತಿತ್ತು.

ಕೊನೆಯ ವರ್ಷ ನೀಲಗಂಗಾ ಹರಿಗೋಲಿನ ಆಟವೊಂದನ್ನು ಮಾಡಿದಳು. ಆಡುವವರು ಹುಟ್ಟು ಹಾಕುತ್ತ ಮಂದಿಯನ್ನು ಆಚೆ ದಂಡೆಗೆ ದಾಟಿಸಬೇಕು. ಮೂರನೆಯ ಸಲ ದಾಟುವಾಗ ನಡುಹೊಳೆಯಲ್ಲಿ ಹುಟ್ಟು ನಿಂತುಬಿಡುತ್ತದೆ. ಎಷ್ಟು ಒತ್ತಿದರೂ ಅಲುಗುವುದಿಲ್ಲ. ಎರಡು ನಿಮಿಷ ಬರೀ ನೀರು, ನೀರಿನ ಸಪ್ಪಳ. ಆಮೇಲೆ ಹುಟ್ಟು ಮತ್ತೆ ಕೈಗೆ ಬರುತ್ತದೆ.

ಅವಳ ಅಪ್ಪ ಅಂಬಿಗರ ದ್ಯಾವಪ್ಪ ಹೀಗೇ ನಿಲ್ಲಿಸುತ್ತಿದ್ದ. “ಹೊಳಿ ನಮ್ಮನ್ನ ಹೊತ್ತೈತಿ, ಒಂದೀಟು ಸುಮ್ಮಕಿರ್ರಿ” ಎನ್ನುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ಆ ತಿಂಗಳ ಕೊನೆಗೆ ಊರ ಹೊರಗಿನ ಕಂಪನಿಯವರು ಬರುವವರಿದ್ದರು. ಒಂದು ಆಟವನ್ನು ಆರಿಸಿ ಊರೂರಿಗೆ ಮುಟ್ಟಿಸುತ್ತೇವೆ ಎಂದಿದ್ದರು. ಉಳಿದವು ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲೇ ಬಿದ್ದಿರುತ್ತವೆ. ನೀಲಗಂಗಾಗೆ ಅಪ್ಪನ ಆ ಎರಡು ನಿಮಿಷ ನಾಲ್ಕು ಮಂದಿಗೆ ಮುಟ್ಟಬೇಕಿತ್ತು, ಬೇರೇನೂ ಬೇಕಿರಲಿಲ್ಲ.

ಅವಳು ಆಟವನ್ನು ಕ್ಯಾಂಪಸ್ಸಿನವರ ಫೋನುಗಳಿಗೆ ಹಾಕಿಕೊಟ್ಟಳು. ವಾರ ಕಳೆದ ಮೇಲೆ, ಯಾರು ಎಲ್ಲಿಯವರೆಗೆ ಆಡಿದರೆಂಬ ಪಟ್ಟಿ ತೆಗೆದಳು. ನೂರು ಸಲ ಆಟ ಶುರುವಾಗಿತ್ತು. ಎಪ್ಪತ್ತೊಂದು ಸಲ ಆಡುವವರು ನಡುಹೊಳೆಯಲ್ಲೇ ಆಟ ಬಿಟ್ಟಿದ್ದರು.

ಅಂಬುಜಾಕ್ಷಿ ಮೇಡಂ ಪಟ್ಟಿ ನೋಡಿದರು. ಕೆಟ್ಟ ಮನಸ್ಸಿನವರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು.

“ಇಲ್ಲಿ ಮಂದಿ ಸೋರಿ ಹೋಗಾಕತ್ತಾರ ನೋಡು. ಕಂಪನಿಯವರು ಮೊದಲು ಇದನ್ನ ಕೇಳ್ತಾರ. ನಿನ್ನ ಹತ್ರ ಉತ್ತರ ಇರಬೇಕು, ಇಲ್ಲಾಂದ್ರ ಇದನ್ನ ತೆಗೀಬೇಕು.”

ನೀಲಗಂಗಾ ಮೆಟ್ಟಿಲ ಹತ್ತಿರ ಬಂದಳು. ಮಾಸ್ತರರು ಕಾಲು ನೀರಿಗೆ ಬಿಟ್ಟು ಕೂತಿದ್ದರು.

“ಸರ್, ಆ ಎರಡು ನಿಮಿಷ ತೆಗೀತೀನಿ.”

“ಯಾಕ?”

“ಎಪ್ಪತ್ತೊಂದು ಮಂದಿ ಅಲ್ಲೇ ಬಿಟ್ಟು ಹೋಗ್ಯಾರ.”

“ಎಲ್ಲಿಗೆ ಹೋದ್ರು?”

“ಎಲ್ಲಿಗಂದ್ರ? ಹೊರಗ.”

“ಹೊರಗ ಎಲ್ಲಿಗೆ?”

ನೀಲಗಂಗಾಗೆ ಸಿಟ್ಟು ಬಂತು, ಅಳುವೂ ಬಂತು. “ನನಗ ಹೆಂಗ ಗೊತ್ತಾಗಬೇಕು ಸರ್? ಅದನ್ನ ತೆಗೆದ್ರ ನಮ್ಮಪ್ಪ ಇನ್ನೊಮ್ಮೆ ಸತ್ತಂಗ ಆಕ್ಕೈತಿ. ಆದ್ರೂ ತೆಗೀತೀನಿ ಅಂತ ಬಂದೀನಿ. ನೀವು ನೋಡಿದ್ರ ಎಲ್ಲಿಗೆ ಹೋದ್ರು ಅಂತೀರಿ.”

“ಹೋಗಿ ಕೇಳ್ಕೊಂಡು ಬಾ,” ಎಂದರು ಮಾಸ್ತರರು.

ಅವಳು ಪಟ್ಟಿ ಹಿಡಿದು ಹೊರಟಳು. ಮೇಲಿನ ಸಾಲುಗಳೆಲ್ಲ ಹಾಸ್ಟೆಲಿನ ಹುಡುಗಿಯರವು.

“ಬ್ಯಾಸರ ಆತು, ಬಿಟ್ಟೆ,” ಎಂದಳು ಒಬ್ಬಳು.

“ಆಟ ಕೆಟ್ಟೈತಿ ಅಂದ್ಕೊಂಡೆ,” ಎಂದಳು ಇನ್ನೊಬ್ಬಳು.

ಮೂರನೆಯವಳಿಗೆ ಅಂಥದೊಂದು ಆಟ ಆಡಿದ ನೆನಪೇ ಇರಲಿಲ್ಲ. ಮುಖದ ಮೇಲೆ ಹೊಡೆದ ಹಾಗೆ ಹೇಳುವುದರಲ್ಲಿ ಹಾಸ್ಟೆಲಿನವರನ್ನು ಮೀರಿಸುವವರಿಲ್ಲ.

ಎರಡು ದಿನ ಬಿಟ್ಟು ಅವಳು ಮೆಟ್ಟಿಲಿಗೆ ಮರಳಿದಳು.

“ಮೂವತ್ತು ಮಂದೀನ ಕೇಳಿದೆ ಸರ್. ಎಲ್ಲಾರದೂ ಒಂದೇ ಮಾತು, ಬ್ಯಾಸರ.”

“ಉಳಿದವರು?”

“ಅವರೂ ಅದನ್ನೇ ಹೇಳ್ತಾರ.”

“ಅವರು ಹೇಳೂದನ್ನ ನೀನು ಯಾಕ ಹೇಳ್ತಿ?”

ನೀಲಗಂಗಾ ಪಟ್ಟಿಯನ್ನು ಮತ್ತೆ ಬಿಡಿಸಿದಳು. ಈವರೆಗೆ ಅವಳು ಸಾಲುಗಳನ್ನು ಎಣಿಸಿದ್ದಳೇ ಹೊರತು ಕೆಳಗಿನ ಹೆಸರುಗಳನ್ನು ಓದಿರಲಿಲ್ಲ. ಈಗ ಓದಿದಳು. ಮಾಬೂಸಾಬ, ಗ್ರಂಥಾಲಯ. ಅದರ ಕೆಳಗೂ ಮಾಬೂಸಾಬ. ಒಂದೇ ಹೆಸರು ಹತ್ತೊಂಬತ್ತು ಸಲ ಇತ್ತು.

ಮಾಬೂಸಾಬರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವರು. ಅವಳು ಹೋದಾಗ ಮಧ್ಯಾಹ್ನದ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದರು.

“ಚಾಚಾ, ನನ್ನ ಆಟ ಆಡಿದ್ರಲ್ಲ?”

“ನೀನು ಮಾಡಿದ್ದೇನವ್ವಾ ಅದು? ದಿನಾ ಆಡ್ತೀನಿ. ಊಟ ಆದ ಮ್ಯಾಲೆ ಒಮ್ಮೆ, ಚಾ ಆದ ಮ್ಯಾಲೆ ಒಮ್ಮೆ, ರಾತ್ರಿ ಮಲಗೂವಾಗ ಮತ್ತೊಮ್ಮೆ.”

“ದಿನಾ ನಡುಹೊಳ್ಯಾಗ ಬಿಟ್ಟುಬಿಡ್ತೀರಿ.”

“ಬಿಡೂದೇನು, ಅಲ್ಲಿಗೆ ಕಣ್ಣು ಹತ್ತತಾವ.” ಅವರು ಡಬ್ಬಿಯನ್ನು ಬೋರಲು ಹಾಕಿದರು. “ನಮ್ಮಾಕಿ ಹೋದಾಗಿಂದ ನಿದ್ದೀನ ಬರವಲ್ದಾಗಿತ್ತು. ಆ ನೀರು ಬರ್ತೈತಲ್ಲ, ಫೋನ್ ಎದಿ ಮ್ಯಾಲ ಇಟ್ಕೋತೀನಿ. ಅಕಿ ಬಾಜೂಕ ಕುಂತಂಗ ಆಕ್ಕೈತಿ.”

ನೀಲಗಂಗಾ ಕೇಳಿದಳು.

“ಮುಂದ ಏನೈತಿ ಅಂತ ನೋಡಬೇಕು ಅನಿಸಲಿಲ್ಲೇನು ಚಾಚಾ?”

“ಮುಂದ ಏನರ ಐತೇನು?” ಎಂದು ಅವರು ನಿಜವಾಗಿ ಅಚ್ಚರಿಪಟ್ಟರು.

ಅವಳು ಓಡುತ್ತ ಮೆಟ್ಟಿಲಿಗೆ ಬಂದಳು. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು.

“ಹತ್ತೊಂಬತ್ತು ಸಲ ಬಿಟ್ಟು ಹೋಗಬೇಕಂದ್ರ,” ಎಂದರು ಮಾಸ್ತರರು, “ಹತ್ತೊಂಬತ್ತು ಸಲ ಬರಬೇಕು.”

ಆ ಎರಡು ನಿಮಿಷ ಆಟದಲ್ಲಿ ಉಳಿಯಿತು.

ಕಂಪನಿಯವರು ಬಂದರು. ಮೂರು ಮಂದಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ನೀಲಗಂಗಾ ಹಿಂದೆ ಕೈಕಟ್ಟಿ ನಿಂತಳು. ನಡುಹೊಳೆಯಲ್ಲಿ ಹುಟ್ಟು ನಿಂತಿತು. ಒಬ್ಬರು ಗಡಿಯಾರ ನೋಡಿದರು. ಇನ್ನೊಬ್ಬರು ತಿರುಗಿ, ಇಲ್ಲಿ ಮಂದಿ ಬಿಟ್ಟು ಹೋಗುವುದಿಲ್ಲವೇ, ಇದು ಏತಕ್ಕೆ ಎಂದು ಕೇಳಿದರು. ಅವಳು ಏನೂ ಹೇಳಲಿಲ್ಲ. ಕೋಣೆಯ ಹಿಂದೆ ಕೂತಿದ್ದ ಅಂಬುಜಾಕ್ಷಿ ಮೇಡಂ ಹಣೆ ಒತ್ತಿಕೊಂಡರು.

ಅವಳ ಆಟವನ್ನು ಆರಿಸಲಿಲ್ಲ.

ಮರುದಿನ ನೀಲಗಂಗಾ ಒಂದು ಅರ್ಜಿ ಬರೆದುಕೊಂಡು ಮೆಟ್ಟಿಲಿಗೆ ಬಂದಳು. ಕಣ್ಣು ಕೆಂಪಾಗಿದ್ದವು.

“ಸರ್, ವ್ಯಾಪಾರದ ವಿಷಯ ಬಿಡ್ತೀನಿ. ಇದಕ್ಕ ನಿಮ್ಮ ಸಹಿ ಬೇಕು.”

“ಏನಾತು?”

“ಅವರಿಗೆ ಎಣಿಸೂದೊಂದೇ ಗೊತ್ತು. ನನಗ ಅದು ಬ್ಯಾಡ.”

“ಎಣಿಸದೇ ಇದ್ದಿದ್ರ ಮಾಬೂಸಾಬರ ಹತ್ರ ಹೋಗ್ತಿದ್ಯಾ?”

ಅವಳು ತಲೆ ತಗ್ಗಿಸಿದಳು.

“ಕಂಪನಿಯವರು ಏತಕ್ಕ ಅಂತ ಕೇಳಿದಾಗ ಮಾಬೂಸಾಬರ ವಿಷಯ ಹೇಳಿದ್ಯಾ?”

“ಇಲ್ಲ.”

“ನಿಮ್ಮಪ್ಪನ ವಿಷಯ?”

“ಇಲ್ಲ ಸರ್. ಯಾರರ ಆಡೋವಾಗ ಮಾಡಿದವರು ಬಾಯಿ ಬಿಡಬಾರದು ಅಂತ ನೀವೇ ಕಲಿಸೀರಿ.”

“ಆಡೋವಾಗ ಅಂದಿದ್ದೆ, ಕೇಳಿದಾಗ ಅಲ್ಲ.” ಮಾಸ್ತರರು ನಿಟ್ಟುಸಿರು ಬಿಟ್ಟರು. ತಮ್ಮ ಪಾಠ ಇಲ್ಲಿಗೆ ಬಂದು ನಿಲ್ಲುತ್ತದೆಂದು ಅವರು ಎಣಿಸಿರಲಿಲ್ಲ.

“ಅಪ್ಪನ್ನ, ಚಾಚಾನ್ನ ಮಾರಿಕೊಂಡಂಗ ಆಗ್ತಿತ್ತು ಸರ್.”

ಮಾಸ್ತರರು ಹೊಳೆಯ ಕಡೆ ನೋಡಿದರು. ಬಿಸಿಲಿಗೆ ನೀರು ತೆಳ್ಳಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

“ನಿಮ್ಮಪ್ಪನ ಹರಿಗೋಲು ಬಿಡ್ತೈತಿ ಅಂತ ಮಂದಿಗೆ ಹೆಂಗ ಗೊತ್ತಾಗ್ತಿತ್ತು?”

“ಕರೀತಿದ್ದ.”

“ಹೆಂಗ?”

“ದಂಡಿ ಮ್ಯಾಲ ನಿಂತು... ಬಾಯಿಗೆ ಕೈ ಹಚ್ಚಿ.”

“ಕರದು ತೋರಿಸು.”

ನೀಲಗಂಗಾ ಹೊಳೆಯ ಕಡೆ ತಿರುಗಿ ನಿಂತಳು. ಅರ್ಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈ ಬಾಯಿಗೆ ಹಚ್ಚಿದಳು.

“ಬರ್ರ್ಯೋ... ಹರಿಗೋಲು ಬಿಡ್ತೈತ್ಯೋ... ದಾಟೋರು ಬರ್ರ್ಯೋ...”

ಅಪ್ಪನ ಮಾತು ತನ್ನ ಬಾಯಲ್ಲಿ ಕೇಳಿ ಅವಳ ದನಿ ಇಳಿಯಿತು. ಕೂಗು ಅರ್ಧ ಹೊಳೆಗೇ ನಿಂತಿತು. ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಲಿಲ್ಲ.

ಮಾಸ್ತರರು ಅವಳ ಕಂಕುಳಿನ ಅರ್ಜಿಯನ್ನು ಮೆಲ್ಲಗೆ ತೆಗೆದು, ಮಡಚಿ, ಅವಳ ಕೈಗೇ ಕೊಟ್ಟರು.

“ಆಚಿ ದಂಡಿಗೆ ಮುಟ್ಟಲಿಲ್ಲವ್ವಾ. ಮಂದೀನ ಕರಿಯೂದನ್ನ ಮೇಡಂ ಹತ್ರ ಕಲಿತು ಬಾ, ಆಮ್ಯಾಲೆ ಸಹಿ ಹಾಕ್ತೀನಿ.”